ವಾಸನೆಯಿಲ್ಲದ ಮುಂಗಾರು

ಕಳೆದ ವಾರ ಹಾಸನದ ಬಸ್ ನಿಲ್ದಾಣದ ಹತ್ತಿರ ಒಂದು ಬೇಕರಿಯಲ್ಲಿ ಬ್ರೆಡ್ಡಿಗಾಗಿ ನಿಂತಿದ್ದೆ. ಒಳಗೆ ಯಾರೋ ಒಲೆಯ ಬಾಗಿಲು ತೆರೆದು ಬಿಸ್ಕತ್ತಿನ ತಟ್ಟೆಯನ್ನು ಹೊರಗೆಳೆದರು. ಬೆಣ್ಣೆಯ ಘಮ, ಬೆಂದ ಹಿಟ್ಟಿನ ಘಮ, ಅವುಗಳ ನಡುವೆ ಸೂಜಿಯಂತೆ ಚುಚ್ಚುವ ಇನ್ನೊಂದು ವಾಸನೆ. ಬಿಸ್ಕತ್ತು ಗರಿಗರಿಯಾಗಲೆಂದು ಹಾಕುವ ಅಮೋನಿಯಾ ಪುಡಿಯದು. ಒಲೆಯಿಂದ ಹೊರಬಂದ ಗಳಿಗೆಯಲ್ಲಿ ಹಾರಿಹೋಗುತ್ತದೆ, ತಿನ್ನುವವರಿಗೆ ಗೊತ್ತೇ ಆಗುವುದಿಲ್ಲ. ನಾನು ಮಾತ್ರ ಬ್ರೆಡ್ಡನ್ನು ಅಲ್ಲೇ ಬಿಟ್ಟು ರಸ್ತೆಗೆ ಬಂದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಲೆಯೆತ್ತಿ ನೋಡುತ್ತಿದ್ದೆ. ಗಲ್ಲಾದ ಮೇಲಿದ್ದವರು ಏನಾಯಿತು ಮೇಡಂ ಎಂದು ಕೇಳಿದರು. ಏನಿಲ್ಲ ಎಂದೆ.

ವಿಚಿತ್ರವೆಂದರೆ, ನನ್ನನ್ನು ಇವತ್ತಿಗೂ ಹೀಗೆ ಬೆಚ್ಚಿಸುವ ಆ ವಾಸನೆಯನ್ನು ಆ ವರ್ಷ ನಾನು ಮೂಸಿಯೇ ಇರಲಿಲ್ಲ.

ಆಗ ನಾನು ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಮನೆ ಹಾಸನದಲ್ಲಿ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಕೋವಿಡ್ ಬಂದು ವಾಸಿಯಾಗಿತ್ತು, ಆದರೆ ಹೋಗುವಾಗ ನನ್ನ ಮೂಗನ್ನು ತೆಗೆದುಕೊಂಡು ಹೋಗಿತ್ತು. ಎಲ್ಲರಿಗೂ ಕೆಲವು ವಾರಗಳಲ್ಲಿ ವಾಸನೆ ಮರಳಿತು, ನನಗೆ ವರ್ಷ ಕಳೆದರೂ ಇಲ್ಲ; ಅದು ಮರಳಿದ್ದು ಬಹಳ ಕಾಲದ ಮೇಲೆ. ಒಗ್ಗರಣೆ ಸಿಡಿಯುವ ಸದ್ದು ಕೇಳುತ್ತಿತ್ತು, ಇಂಗಿನ ಪರಿಮಳವಿಲ್ಲ. ಹಾಲು ಉಕ್ಕಿ ಸೀದು ಪಾತ್ರೆ ಕಪ್ಪಾದರೂ ಪಕ್ಕದ ಕೋಣೆಯಲ್ಲಿ ಕೂತ ನನಗೆ ತಿಳಿಯುತ್ತಿರಲಿಲ್ಲ. ಗ್ಯಾಸ್ ಒಲೆ ಆರಿಸಿದ ಮೇಲೂ ಮತ್ತೆ ಹೋಗಿ ತಿರುಪನ್ನು ಮುಟ್ಟಿ ನೋಡುತ್ತಿದ್ದೆ, ಬಾಗಿಲು ದಾಟಿದ ಮೇಲೆ ಮತ್ತೊಮ್ಮೆ. ಅಮ್ಮ ನೋಡಿ ನೋಡಿ ಸಾಕಾಗಿ, "ಒಂದು ಕಡೆ ಕೂತ್ಕೋಬಾರದೇನೆ ವಸು, ನಿನ್ನ ನೋಡ್ತಿದ್ರೆ ನಂಗೇ ಎದೆ ಹೊಡ್ಕೊಳ್ಳತ್ತೆ" ಎನ್ನುತ್ತಿದ್ದಳು.

ಆ ಬೇಸಿಗೆಯ ಮೊದಲಲ್ಲಿ ಚನ್ನರಾಯಪಟ್ಟಣದ ಹತ್ತಿರ ಹೆದ್ದಾರಿಯಲ್ಲಿ ಆಸಿಡ್ ತುಂಬಿದ ಟ್ಯಾಂಕರೊಂದು ಮಗುಚಿತು. ಯಾರಿಗೂ ಹೆಚ್ಚಿನ ಅಪಾಯವಾಗಲಿಲ್ಲ, ಆದರೆ ರಸ್ತೆಯ ಬದಿ ಹುಲ್ಲು ಸುಟ್ಟು ಕಂದಾಯಿತು. ಅದರಲ್ಲಿ ಏನಿತ್ತು ಎಂದು ಅಲ್ಲಿದ್ದ ಯಾರಿಗೂ ಬಹಳ ಹೊತ್ತು ಹೇಳಲಾಗಲಿಲ್ಲ. ಆಮೇಲೆ ಜಿಲ್ಲೆಯಲ್ಲಿ ಸಭೆಗಳು ನಡೆದವು. ಅಗ್ನಿಶಾಮಕದವರಿಗೆ, ಗೃಹರಕ್ಷಕರಿಗೆ, ಆಸ್ಪತ್ರೆಯ ನರ್ಸುಗಳಿಗೆ ರಾಸಾಯನಿಕಗಳನ್ನು ಬಣ್ಣದಿಂದ ಪತ್ತೆಹಚ್ಚುವ ಪರೀಕ್ಷಾ ಕಾಗದಗಳನ್ನು ಬಳಸುವುದನ್ನು ಹೇಳಿಕೊಡಬೇಕು ಎಂದಾಯಿತು. ಕಾಗದದ ಪೆಟ್ಟಿಗೆಗಳು ಬಂದವು, ಹೇಳಿಕೊಡುವವರು ಬರಲಿಲ್ಲ. ಕಾಲೇಜಿನಿಂದ ನನ್ನನ್ನು ಕಳಿಸಿದರು.

ಹೀಗೆ ನಾನು ನಂಜೇಗೌಡರ ಕೈಗೆ ಸಿಕ್ಕಿದೆ. ಅವರು ಅಗ್ನಿಶಾಮಕ ಠಾಣೆಯ ಅಧಿಕಾರಿ, ಹರದನಹಳ್ಳಿಯ ಒಕ್ಕಲು ಮನೆತನದವರು. ದಪ್ಪ ಮೀಸೆ, ಮೆಲು ಮಾತು. ಮೊದಲ ದಿನವೇ ನನಗೆ ವಾಸನೆ ತಿಳಿಯುವುದಿಲ್ಲ ಎಂದು ಹೇಳಿಬಿಟ್ಟೆ. ಬೇರೆಯವರನ್ನು ಹುಡುಕುತ್ತಾರೇನೋ ಅಂದುಕೊಂಡಿದ್ದೆ.

ಅವರು, "ಒಳ್ಳೇದೇ ಆಯ್ತು ಬುಡಿ ಮೇಡಂ. ನಮ್ಮುಡುಗ್ರು ಎಲ್ಲ ಮೂಗ್ನೇ ನಂಬ್ಕೊಂಡವ್ರೆ. ನಿಮ್ಗೆ ಕಾಗ್ದ ಬುಟ್ರೆ ಗತಿ ಇಲ್ಲ, ಸರ್ಯಾಗಿ ಯೋಳ್ಕೊಡ್ತೀರಿ" ಎಂದರು.

ಮಾರ್ಚಿನಿಂದ ಮುಂಗಾರಿನವರೆಗೆ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಂದು ಅವರ ಜೀಪಿನಲ್ಲಿ ತಿರುಗಿದೆವು. ಪೆಟ್ಟಿಗೆಯಲ್ಲಿ ಹಲವು ಬಗೆಯ ಕಾಗದಗಳಿದ್ದವು. ಶಾಲೆಯಲ್ಲಿ ಎಲ್ಲರೂ ನೋಡಿರುವ ಲಿಟ್ಮಸ್, ಕ್ಲೋರಿನ್ ತಗುಲಿದರೆ ನೀಲಿಯಾಗುವ ಪಿಷ್ಟದ ಕಾಗದ, ಮಲಗುಂಡಿಯ ವಿಷಗಾಳಿಗೆ ಕಪ್ಪಾಗುವ ಸೀಸದ ಕಾಗದ, ಮತ್ತೆ ದಪ್ಪನೆಯ ಕೆನೆ ಬಣ್ಣದ ಒಂದು ಪುಸ್ತಿಕೆ. ಅದು ಯುದ್ಧದ ವಿಷಗಳಿಗೆಂದು ಮಾಡಿದ್ದು. ಅದರ ಹಾಳೆಯ ಮೇಲೆ ದ್ರವದ ತೊಟ್ಟು ಬಿದ್ದರೆ ವಿಷಕ್ಕೆ ತಕ್ಕಂತೆ ಹಳದಿ, ಕೆಂಪು, ಕಡುಹಸಿರು ಕಲೆ ಮೂಡುತ್ತದೆ. ಗೃಹರಕ್ಷಕರಿಗೆಲ್ಲ ಅದರ ಮೇಲೇ ಕಣ್ಣು. ಚನ್ನರಾಯಪಟ್ಟಣದಲ್ಲಿ ಒಬ್ಬರು ಹೊರಗೆ ಹೋಗಿ ಜೀಪಿನ ಬ್ರೇಕ್ ಆಯಿಲ್ ಬೆರಳಲ್ಲಿ ತಂದು ಹಾಳೆಗೆ ಒರೆಸಿದರು. ಕಲೆ ಮೂಡಿಯೇಬಿಟ್ಟಿತು. ಎಲ್ಲರೂ ನಕ್ಕರು. ನಾನು ನಗಲಾರದೆ, ಕಾಗದವೂ ಮೋಸಹೋಗುತ್ತದೆ, ಅದಕ್ಕೇ ಒಂದು ಹಾಳೆಯನ್ನು ನೋಡಿ ಊರು ಖಾಲಿ ಮಾಡಿಸಬಾರದು, ಬಣ್ಣ ಬರಲಿಲ್ಲವೆಂದು ಒಳಗೂ ಹೋಗಬಾರದು, ತನಗೆ ಗೊತ್ತಿರುವುದನ್ನಷ್ಟೇ ಕಾಗದ ಹೇಳುತ್ತದೆ ಎಂದು ವಿವರಿಸಿದೆ. ವಿವರಿಸುತ್ತಾ ನನಗೇ ದಿಗಿಲಾಯಿತು. ಮೂಗಿಲ್ಲ, ಉಳಿದಿರುವುದು ಈ ಕಾಗದ, ಅದೂ ಪೂರ್ತಿ ನಂಬುವಂಥದ್ದಲ್ಲ.

ಅವತ್ತಿನಿಂದ ನನ್ನ ಚೀಲದಲ್ಲಿ ಯಾವಾಗಲೂ ಒಂದು ಡಬ್ಬಿ ಕಾಗದ, ಒಂದು ಪುಟ್ಟ ಬಾಟಲಿ ಬಟ್ಟಿ ಇಳಿಸಿದ ನೀರು. ಕಾಲೇಜಿನ ಬಚ್ಚಲಲ್ಲಿ ಹಿಡಿದು ನೋಡುತ್ತಿದ್ದೆ, ರೈಲಿನಲ್ಲಿ ಹಿಡಿದು ನೋಡುತ್ತಿದ್ದೆ. ಬಚ್ಚಲು ತೊಳೆಯುವ ಪುಡಿಯ ಡಬ್ಬದ ಮೇಲೆ ನಾನು ಅಂಟಿಸಿದ್ದ ಕಾಗದವನ್ನು ಅಮ್ಮ ಕಿತ್ತು ಬಿಸಾಡಿದಳು. ಹೇಳಿಕೊಡಲು ಹೋದವಳು ನಾನೇ ರೋಗ ಹತ್ತಿಸಿಕೊಂಡು ಬಂದಂತಾಗಿತ್ತು.

ಮೇ ತಿಂಗಳಲ್ಲಿ ಕೃತ್ತಿಕೆ ಮಳೆ ಬಿತ್ತು. ಹಾಸನದ ಸೀಮೆಯಲ್ಲಿ ಆ ಮಳೆ ಬಿದ್ದರೆ ಆಲೂಗಡ್ಡೆ ಬಿತ್ತನೆಯ ಗಡಿಬಿಡಿ. ಪಂಜಾಬಿನಿಂದ ಲಾರಿಗಳಲ್ಲಿ ಬಂದ ಬಿತ್ತನೆ ಗಡ್ಡೆಯನ್ನು ಬೇಸಿಗೆಯೆಲ್ಲ ಕೋಲ್ಡ್ ಸ್ಟೋರೇಜುಗಳಲ್ಲಿ ಇಟ್ಟಿರುತ್ತಾರೆ. ಮಳೆ ಬಿದ್ದೊಡನೆ ರೈತರೆಲ್ಲ ಒಂದೇ ಸಲ ಬಂದು ಗೇಟಿನ ಮುಂದೆ ನಿಲ್ಲುತ್ತಾರೆ. ಅಂದು ಬೆಳಿಗ್ಗೆ ಹಾಸನದ ಠಾಣೆಯಲ್ಲಿ ನಾನು ಪಾಠ ಶುರುಮಾಡಿದ್ದೆನಷ್ಟೆ, ಕರೆ ಬಂತು. ಊರಾಚೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಸೋರುತ್ತಿದೆ. ಗಡ್ಡೆಯನ್ನು ತಣ್ಣಗಿಡುವ ಯಂತ್ರದ ಕೊಳವೆಗಳಲ್ಲಿ ಹರಿಯುವುದು ಅದೇ ಅನಿಲ. ನಂಜೇಗೌಡರು ಹೆಲ್ಮೆಟ್ ತೆಗೆದುಕೊಳ್ಳುತ್ತಾ ನನ್ನ ಕಡೆ ನೋಡಿ, "ನೀವೂ ಬನ್ನಿ ಮೇಡಂ. ಗಾಳಿ ಬರೋ ಕಡೆ ಮಾತ್ರ ನಿಂತ್ಕೋಬೇಕು, ನಾನು ಕರೆಯೋವರ್ಗೂ ಮುಂದುಕ್ಕೆ ಬರ್ಬಾರ್ದು" ಎಂದರು.

ನಾವು ಹೋಗುವ ಹೊತ್ತಿಗೆ ರಸ್ತೆಯ ಎರಡೂ ಬದಿ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಕಟ್ಟಾಯದ ಕಡೆಯವರು, ಹಳೇಕೋಟೆಯ ಕಡೆಯವರು, ತಲೆಗೆ ಟವೆಲ್ಲು ಸುತ್ತಿಕೊಂಡು ಗುಂಪುಗುಂಪಾಗಿ ನಿಂತಿದ್ದರು. ಒಳಗೆ ಗಡ್ಡೆ ಆರಿಸುವ ಹೆಂಗಸರು ಹೊರಗೋಡಿ ಬಂದು ಹುಣಸೆ ಮರದಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕಟ್ಟಡದ ಹಿಂಬದಿಯಿಂದ ಬಿಳಿ ಮಂಜಿನಂಥದ್ದು ಎದ್ದು ಗಾಳಿಯಲ್ಲಿ ಹರಿದುಹೋಗುತ್ತಿತ್ತು. ನನ್ನ ಕಣ್ಣೂ ಒಂದಿಷ್ಟು ಉರಿಯಿತು, ಮೂಗಿಗೆ ಏನೂ ಇಲ್ಲ. ಸುತ್ತಲಿನವರೆಲ್ಲ ಮೂಗು ಮುಚ್ಚಿಕೊಂಡಿದ್ದಾರೆ, ನಾನೊಬ್ಬಳು ಬೆಟ್ಟದ ಗಾಳಿ ಕುಡಿಯುವವಳಂತೆ ನಿಂತಿದ್ದೇನೆ.

ಅಗ್ನಿಶಾಮಕದವರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಒಳಹೋದರು. ಕೊಳವೆಯ ಕವಾಟ ಮುಚ್ಚಿ, ಮಂಜಿನ ಮೇಲೆ ನೀರು ಹಾರಿಸಿದರು. ಮಧ್ಯಾಹ್ನದ ಹೊತ್ತಿಗೆ ಬಿಳಿಯದೆಲ್ಲ ಕರಗಿ ಕಟ್ಟಡ ಎಂದಿನಂತೆ ಕಂಡಿತು. ಯಂತ್ರ ನೋಡಿಕೊಳ್ಳುವವರು ಕೆಮ್ಮುತ್ತಿದ್ದುದರಿಂದ ಅವರನ್ನು ಆಸ್ಪತ್ರೆಗೆ ಕಳಿಸಿದ್ದರು, ಬೇರೆ ಯಾರಿಗೂ ತೊಂದರೆಯಾಗಿರಲಿಲ್ಲ. ಆಗ ಮ್ಯಾನೇಜರ್ ಬಂದು, ಸೋರಿಕೆ ನಿಂತಿದೆ, ವಾಸನೆಯೂ ಹೋಗಿದೆ, ಸೋರಿದ ಕೋಣೆ ಬಿಟ್ಟು ಬೇರೆ ಕೋಣೆಗಳ ಗಡ್ಡೆಯನ್ನು ಕೊಟ್ಟು ಜನರನ್ನು ಕಳಿಸಿಬಿಡೋಣ ಎಂದರು. ಹೆಂಗಸರನ್ನೂ ಕರೆದು ವಾಸನೆ ಇದೆಯೇ ಎಂದು ಕೇಳಿದರು. ಅವರ ಮುಂದಾಳು ಜಯಮ್ಮ ಮುಂದೆ ಬಂದರು. ಐವತ್ತರ ಆಚೀಚೆಯ ಗಟ್ಟಿ ಹೆಂಗಸು, ಅಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದವರು. ಶೆಡ್ಡಿನ ಬಾಗಿಲವರೆಗೆ ಹೋಗಿ ಉಸಿರೆಳೆದು ನೋಡಿ, "ಏನೂ ಇಲ್ಲ ಕಣ್ ಸಾ, ಎಲ್ಲಾ ಓಗದೆ" ಎಂದರು.

ನಂಜೇಗೌಡರ ಹುಡುಗರೂ ಹಾಗೇ ಹೇಳಿದರು. ನಾನು ತರಗತಿಯಲ್ಲಿ ಹೇಳಿದ್ದ ಮಾತು ನನಗೇ ನೆನಪಾಯಿತು. ಅಮೋನಿಯಾವನ್ನು ಬಹಳ ಹೊತ್ತು ಮೂಸಿದ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಬೆಳಿಗ್ಗೆಯಿಂದ ಅಲ್ಲಿ ನಿಂತವರ ಮೂಗೆಲ್ಲ ಈಗ ನನ್ನ ಮೂಗಿನಂತೆಯೇ. ನಂಜೇಗೌಡರು ತಿರುಗಿ ನನ್ನನ್ನು ನೋಡಿದರು. ನಾನು ಚೀಲ ತೆರೆದೆ.

ಅಮೋನಿಯಾ ತಗುಲಿದರೆ ನೀಲಿಯಾಗುವ ಕೆಂಪು ಲಿಟ್ಮಸ್ಸನ್ನು ನೀರಿನಲ್ಲಿ ನೆನೆಸಿ ಗೇಟಿನ ಹತ್ತಿರ ಹಿಡಿದೆ. ಕೆಂಪಾಗಿಯೇ ಇತ್ತು. ಅಂಗಳದ ನಡುವೆ ಹಿಡಿದೆ, ಕೆಂಪು. ಗಡ್ಡೆ ಆರಿಸುವ ಶೆಡ್ಡಿನ ಬಾಗಿಲಲ್ಲಿ ಮುಖವಾಡ ಹಾಕಿದ್ದ ಸಿಬ್ಬಂದಿಯೊಬ್ಬರು ಕೋಲಿನ ತುದಿಗೆ ಸಿಕ್ಕಿಸಿ ಒಳಗೆ ಚಾಚಿದರು. ಹೊರಗೆ ತೆಗೆದಾಗ ಅಂಚಿನಿಂದ ನೀಲಿ ಹಬ್ಬುತ್ತಿತ್ತು.

ಮ್ಯಾನೇಜರ್ ನಕ್ಕರು. ಒಳಗಿನ ಗೋಡೆಗೆಲ್ಲ ಮೊನ್ನೆ ಮೊನ್ನೆ ಸುಣ್ಣ ಬಳಿಸಿದ್ದೇವೆ, ನಿಮ್ಮ ಕಾಗದ ಗೋಡೆಗೆ ತಗುಲಿದೆ, ಸುಣ್ಣ ತಗುಲಿದರೆ ಲಿಟ್ಮಸ್ ನೀಲಿಯಾಗುವುದು ನಾನೂ ಓದಿದ್ದೇನೆ ಎಂದರು. ಅವರು ಹೇಳಿದ್ದು ತಪ್ಪಲ್ಲ. ನನಗೆ ಬ್ರೇಕ್ ಆಯಿಲಿನ ಕಲೆ ಕಣ್ಣ ಮುಂದೆ ಬಂತು. ಇಷ್ಟು ಜನ, ಇಷ್ಟು ಟ್ರ್ಯಾಕ್ಟರು, ಹದವಾದ ನೆಲ, ಎಲ್ಲ ಒಂದು ತುಂಡು ಕಾಗದಕ್ಕೆ ಕಾಯುತ್ತಿವೆ. ಅದು ಸುಣ್ಣದ ನೀಲಿಯೇ ಆಗಿದ್ದರೆ?

ಕಟ್ಟಾಯದ ಬೋರೇಗೌಡರು ಎನ್ನುವ ರೈತರೊಬ್ಬರು ಗುಂಪಿನಿಂದ ಮುಂದೆ ಬಂದರು. ಜಗಳಕ್ಕೆ ಬಂದವರಲ್ಲ. "ನೋಡವ್ವ, ಒಲ ಅದುಕ್ಕೆ ಬಂದದೆ. ಇವತ್ತು ಗೆಡ್ಡೆ ಒಯ್ದು ಅರಡಿದ್ರೆ ಮೊಳ್ಕೆ ಬಂದು ಬಿತ್ತನೆ ಆಯ್ತದೆ. ನಾಳೆ ನಾಡಿದ್ದು ಅಂದ್ರೆ ಮಳೆ ಇಡ್ಕೊಂಡ್ರೆ ಏನ್ ಮಾಡಾನ? ನಿಮ್ಗೆ ಸಂಬ್ಳ ಬತ್ತದೆ, ನಮ್ಗೆ ಅದೊಂದೇ" ಎಂದರು. ಅವರ ಹಿಂದೆ ನಿಂತವರು ಗೇಟಿನ ಸರಳು ಹಿಡಿದುಕೊಂಡಿದ್ದರು.

ಹೊಸ ಕಾಗದ ತೆಗೆದೆ. ಅದೇ ಬಾಟಲಿಯ ನೀರಿನಲ್ಲಿ ಎರಡು ತುಂಡು ನೆನೆಸಿದೆ. ಒಂದನ್ನು ಬಯಲಲ್ಲಿ ಎಲ್ಲರಿಗೂ ಕಾಣುವಂತೆ ಬೇಲಿಯ ತಂತಿಗೆ ಸಿಕ್ಕಿಸಿದೆ. ಇನ್ನೊಂದನ್ನು ದಾರಕ್ಕೆ ಕಟ್ಟಿ, ಗೋಡೆ ನೆಲ ಯಾವುದಕ್ಕೂ ಸೋಕದಂತೆ ಬಾಗಿಲ ನಡುವೆ ತೂಗಿಬಿಡಲು ಹೇಳಿದೆ. ಬೇಲಿಯ ಮೇಲಿನದು ಕೆಂಪಾಗಿಯೇ ಒಣಗತೊಡಗಿತು. ದಾರದ್ದು ಗಾಳಿಯಲ್ಲಿ ಸುತ್ತುತ್ತಾ ಸುತ್ತುತ್ತಾ ಪೂರ್ತಿ ನೀಲಿಯಾಯಿತು.

ನಂಜೇಗೌಡರು ನನ್ನ ಹತ್ತಿರ ಬಂದು ಮೆಲ್ಲಗೆ, "ನೀವು ಒಂದು ಮಾತು ಯೋಳಿ. ನಿಲ್ಸೋದು ನಂಗೆ ಬುಡಿ" ಎಂದರು.

ಗೇಟು ತೆಗೆಯಬೇಡಿ ಎಂದೆ. ನನ್ನ ದನಿ ನನಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗಿತ್ತು. ಅವರು ಅದನ್ನು ದೊಡ್ಡದಾಗಿ ಹೇಳಿ ಗೇಟಿಗೆ ತಮ್ಮವರನ್ನು ನಿಲ್ಲಿಸಿದರು. ಗೊಣಗಾಟ ಎದ್ದಿತು. ಯಾರೋ ಕಾಗದದ ಡಾಕ್ಟ್ರಮ್ಮ ಎಂದು ನನ್ನನ್ನು ಆಡಿಕೊಂಡರು. ಮ್ಯಾನೇಜರ್ ಯಾರಿಗೋ ಫೋನು ಮಾಡುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದರು. ಈ ಗದ್ದಲದಲ್ಲಿ ಹುಣಸೆ ಮರದ ಕಡೆ ಯಾರೂ ನೋಡುತ್ತಿರಲಿಲ್ಲ.

ಹೆಂಗಸರಲ್ಲಿ ಒಬ್ಬಳು ನನ್ನ ಸೆರಗು ಹಿಡಿದೆಳೆದಳು. "ಜಯಕ್ಕ ಇಂದ್ಲು ಬಾಗ್ಲಿಂದ ಒಳೀಕೋದ್ಳು ಮೇಡಂ. ನಮ್ಮ ಬುತ್ತಿ, ಫೋನು ಎಲ್ಲಾ ಅಲ್ಲೇ ಇದ್ವು, ತತ್ತೀನಿ ಅಂದ್ಬುಟ್ಟು ಓದ್ಳು. ಇನ್ನೂ ಬಂದಿಲ್ಲ."

ಆಮೇಲಿನದು ಬಹಳ ಬೇಗ ನಡೆಯಿತು, ನನಗೆ ಮಾತ್ರ ಎಷ್ಟೋ ಹೊತ್ತು ಅನ್ನಿಸಿತು. ಮುಖವಾಡ ಹಾಕಿದ್ದ ಇಬ್ಬರು ಹಿಂಬಾಗಿಲಿಂದ ನುಗ್ಗಿದರು. ನಂಜೇಗೌಡರು ತಾವೂ ಸಿಲಿಂಡರ್ ಬಿಗಿದುಕೊಂಡು ಹಿಂದೆಯೇ ಹೋದರು. ಶೆಡ್ಡಿನ ಹಿಂದೆ ಹೆಂಗಸರು ಬುತ್ತಿ ಇಡುವ ಕೋಣೆಗೆ ಕಿಟಕಿಯೇ ಇರಲಿಲ್ಲ. ತಣ್ಣನೆಯ ಗಾಳಿಯೊಂದಿಗೆ ಅಲ್ಲಿಗೆ ಹೊಕ್ಕ ಅನಿಲ ಹೊರಬರಲಾಗದೆ ನಿಂತುಬಿಟ್ಟಿತ್ತು. ಜಯಮ್ಮ ಬಾಗಿಲ ಹೊಸ್ತಿಲ ಮೇಲೆ ಬಿದ್ದಿದ್ದರಂತೆ. ಎತ್ತಿಕೊಂಡು ಬಂದರು. ಅಂಗಳದಲ್ಲಿ ಮಲಗಿಸಿ ಕಣ್ಣಿಗೆ, ಮುಖಕ್ಕೆ ನೀರು ಹಾಕುತ್ತಲೇ ಇದ್ದೆವು. ಉಸಿರೆಳೆದರೆ ಎದೆಯೊಳಗೆ ಸೀಟಿ ಊದಿದಂತೆ ಸದ್ದು. ಆ ಉಸಿರಾಟದ ನಡುವೆಯೂ ಅವರು ನನ್ನ ಮಣಿಕಟ್ಟನ್ನು ಹಿಡಿದ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ, ಆಂಬುಲೆನ್ಸಿಗೆ ಹತ್ತಿಸುವಾಗ ಬೆರಳುಗಳನ್ನು ಬಿಡಿಸಬೇಕಾಯಿತು.

ಗೇಟಿನ ಸರಳು ಹಿಡಿದಿದ್ದವರು ಕೈ ಬಿಟ್ಟಿದ್ದರು. ಬೋರೇಗೌಡರು ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಯಾರಿಗೂ ಏನೂ ಹೇಳದೆ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದು ಆಂಬುಲೆನ್ಸಿಗೆ ದಾರಿ ಮಾಡಿಕೊಟ್ಟರು.

ಮರುದಿನ ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟು, ದೊಡ್ಡ ಫ್ಯಾನು ಹಾಕಿಸಿ, ಕೋಣೆ ಕೋಣೆಯಲ್ಲೂ ಕಾಗದ ತೂಗುಹಾಕಿ ನೋಡಿದೆವು. ಎಲ್ಲ ಕೆಂಪಾಗಿಯೇ ಉಳಿದ ಮೇಲೆ ಗಡ್ಡೆ ಕೊಡಲು ಬಿಟ್ಟರು. ಅಷ್ಟರಲ್ಲಿ ಮಳೆ ಹಿಡಿದುಕೊಂಡಿತ್ತು. ಎಷ್ಟೋ ಹೊಲಗಳಲ್ಲಿ ಬಿತ್ತನೆ ತಡವಾಯಿತು. ಆ ವರ್ಷದ ಬೆಳೆ ಕೆಲವರಿಗೆ ಚೆನ್ನಾಗಿ ಬಂತು, ಕೆಲವರಿಗೆ ಗಡ್ಡೆ ಕೊಳೆಯಿತು. ಕೊಳೆತವರ ಹೊಲದಲ್ಲಿ ಒಂದು ದಿನ ಮೊದಲೇ ಬಿತ್ತಿದ್ದರೆ ಏನಾಗುತ್ತಿತ್ತು ಎನ್ನುವುದು ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ರೈಲಿನ ಕಿಟಕಿಯಿಂದ ಹೊಲಗಳನ್ನು ನೋಡುವಾಗಲೆಲ್ಲ ಅದೇ ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು. ಪಾಠ ಮಾಡುವಾಗ ಮಾತು ತಪ್ಪುತ್ತಿತ್ತು. ಊಟಕ್ಕೆ ಕೂತರೆ ಎದ್ದು ಹೋಗಿ ಗ್ಯಾಸಿನ ತಿರುಪು ನೋಡಿ ಬರುತ್ತಿದ್ದೆ.

ಜಯಮ್ಮನನ್ನು ನೋಡಲು ಆಸ್ಪತ್ರೆಗೆ ಹೋದೆ. ಪ್ರಾಣಕ್ಕೆ ಅಪಾಯವಿಲ್ಲ ಎಂದಿದ್ದರು, ಗಂಟಲು ಮಾತ್ರ ಸುಟ್ಟಿತ್ತು. ಅಲ್ಲಿ ಬಂದವರೆಲ್ಲ ತಪ್ಪು ಅವರದೇ ಎಂದು ಹೇಳಿ ಹೋಗಿದ್ದರಂತೆ. ಒಂದು ಡಬ್ಬಿ ಅನ್ನಕ್ಕೆ ಜೀವ ಕೊಡಲು ಹೋದಳು ಎಂದು ನೆಂಟರು, ಬೇಡವೆಂದರೂ ಬೇಕೆಂದೇ ನುಗ್ಗಿದಳು ಎಂದು ಮ್ಯಾನೇಜರ್. ನಾನು ಕುರ್ಚಿ ಎಳೆದು ಕೂತೊಡನೆ ಅವರು ಕೈ ಆಡಿಸಿ ಹತ್ತಿರ ಬಾ ಎಂದರು. ಮಾತು ಗೋಣಿಚೀಲ ನೆಲದ ಮೇಲೆ ಎಳೆದಂತೆ ಬಂತು.

"ನಂಗೆ ವಾಸ್ನೆ ಬತ್ತಿರ್ಲಿಲ್ಲ ಕಣವ್ವ. ನಾನು ಸುಳ್ಳು ಯೋಳಿಲ್ಲ. ಯಾರೂ ನಂಬಾಕಿಲ್ಲ."

ನಾನು ನಂಬುತ್ತೇನೆ ಎಂದೆ. ಬೆಳಿಗ್ಗೆಯಿಂದ ಅಲ್ಲೇ ಇದ್ದವರಿಗೆ ಮೂಗು ಸತ್ತುಹೋಗಿರುತ್ತದೆ ಎಂದು ಹೇಳಿದೆ. ಆಮೇಲೆ, ಮನೆಯಾಚೆ ನಂಜೇಗೌಡರೊಬ್ಬರಿಗೆ ಮಾತ್ರ ಹೇಳಿದ್ದನ್ನು ಅವರಿಗೂ ಹೇಳಿದೆ. ವರ್ಷದಿಂದ ನನಗೆ ಯಾವ ವಾಸನೆಯೂ ಇಲ್ಲ, ಅಂದೂ ಇರಲಿಲ್ಲ, ನಿಂತು ನೋಡಿದ್ದೆಲ್ಲ ಕಾಗದವನ್ನೇ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ಅಂಗಾರೆ ಆ ಕಾಗ್ದ ನಮ್ಗೂ ಕೊಡ್ಬೋದಿತ್ತಲ್ಲ" ಎಂದರು.

ಮೂರು ತಿಂಗಳು ನಾವು ಜೀಪಿನಲ್ಲಿ ತಿರುಗಿ ಹೇಳಿಕೊಟ್ಟಿದ್ದು ಅಪಾಯವಾದ ಮೇಲೆ ಓಡಿ ಬರುವವರಿಗೆ. ಅಪಾಯದೊಳಗೇ ದಿನವೂ ಬುತ್ತಿ ಬಿಚ್ಚುವವರು ನಮ್ಮ ಪಟ್ಟಿಯಲ್ಲಿರಲಿಲ್ಲ. ನಂಜೇಗೌಡರಿಗೆ ಅದನ್ನು ಹೇಳಿದೆ. ಮಾರನೆಯ ವಾರದ ಅರಕಲಗೂಡಿನ ತರಬೇತಿಗೆ ಕೂಲಿಯವರನ್ನೂ ಕರೆಸಲು ಅವರು ಎಲ್ಲೆಲ್ಲೋ ಓಡಾಡಿ ಒಪ್ಪಿಗೆ ತಂದರು.

ಅರಕಲಗೂಡಿನಲ್ಲಿ ಅಂದು ಜಡಿಮಳೆ. ಶಾಲೆಯ ಹಜಾರದಲ್ಲಿ ಒದ್ದೆ ಸೀರೆಗಳ ಹೆಂಗಸರು, ಹಿಂದೆ ಗೋಡೆಗೊರಗಿ ಗಂಡಸರು. ನನ್ನ ಮಾತು ಅವರ ಕಿವಿಗೆ ಬಿದ್ದರೂ ತಲೆಗೆ ಹೋಗುತ್ತಿಲ್ಲವೆಂದು ಗೊತ್ತಾಗುತ್ತಿತ್ತು. ಆಗ ಜಯಮ್ಮ ಎದ್ದರು. ಮಗಳ ಜೊತೆ ಬಸ್ಸಿನಲ್ಲಿ ಬಂದಿದ್ದರು. ಅವರು ಕಥೆ ಹೇಳಲಿಲ್ಲ. ಕಾಗದವನ್ನು ಎತ್ತಿ ಹಿಡಿದು, ಮುರಿದ ದನಿಯಲ್ಲಿ, ನೆನೆಸಬೇಕು, ಗೋಡೆಗೆ ತಾಗಿಸಬಾರದು, ನೀಲಿ ಆದರೆ ಹಿಂದಕ್ಕೆ ಬರಬೇಕು ಎಂದಷ್ಟೇ ಹೇಳಿದರು. ಆ ದನಿಯನ್ನು ಕೇಳಿದ ಮೇಲೆ ಒಬ್ಬೊಬ್ಬರಾಗಿ ಬಂದು ಕಾಗದ ಮುಟ್ಟಿ ನೋಡಿದರು.

ಕೋಲ್ಡ್ ಸ್ಟೋರೇಜ್ ರಿಪೇರಿಯಾಗಿ ಮತ್ತೆ ತೆರೆದದ್ದು ಆಗಸ್ಟಿನಲ್ಲಿ, ಆಶ್ಲೇಷ ಮಳೆಯ ದಿನಗಳಲ್ಲಿ. ಹೊಸ ಗಡ್ಡೆ ಬರತೊಡಗಿತ್ತು. ಅಂದು ಬೆಳಿಗ್ಗೆ ನಂಜೇಗೌಡರು, ನಾನು ಪರಿಶೀಲನೆಗೆ ಹೋದೆವು. ಮ್ಯಾನೇಜರ್ ಬದಲಾಗಿದ್ದರು. ಹೊಸಬರು ಬಾಗಿಲು ತೆಗೆಸಿ, ಹೊತ್ತಾಯ್ತು ಒಳಗೆ ನಡೀರಿ ಎಂದು ಹೆಂಗಸರಿಗೆ ಹೇಳುತ್ತಿದ್ದರು. ಯಾರೂ ಅಲುಗಲಿಲ್ಲ. ಮುಂದೆ ನಿಂತಿದ್ದ ಜಯಮ್ಮ ಸೆರಗಿನ ಗಂಟು ಬಿಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಕಾಗದದ ಡಬ್ಬಿ ತೆಗೆದರು.

ಮ್ಯಾನೇಜರ್ ನಮ್ಮ ಕಡೆ ನೋಡಿದರು. ಅಧಿಕಾರಿಗಳೇ ಬಂದಿದ್ದಾರಲ್ಲ, ಅವರು ನೋಡುತ್ತಾರೆ, ನೀವು ಕೆಲಸಕ್ಕೆ ಹೋಗಿ ಎಂದರು.

"ಅವ್ರು ಇವತ್ತು ಬಂದವ್ರೆ ಸಾ, ನಾಳೀಕೆ ನಾವೇ ಇರೋದು" ಎಂದರು ಜಯಮ್ಮ. ಗಟ್ಟಿಯಾಗಿ ಹೇಳಲು ಅವರಿಗೆ ಆಗುತ್ತಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

ನಾನು ಚೀಲಕ್ಕೆ ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅವರು ಕಾಗದ ನೆನೆಸಿ, ದಾರಕ್ಕೆ ಕಟ್ಟಿ, ಬಾಗಿಲಲ್ಲಿ ತೂಗಿಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಅವರ ಹಿಂದೆ ಹೆಂಗಸರು, ಅವರ ಹಿಂದೆ ನಾವು, ಗಡ್ಡೆಯ ಲಾರಿಗಳು, ಹೊಸ ಮ್ಯಾನೇಜರು. ಹನಿ ಬೀಳುತ್ತಿತ್ತು, ಯಾರೂ ಸೂರಿನಡಿಗೆ ಸರಿಯಲಿಲ್ಲ. ಕಾಗದ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೆಂಪಾಗಿಯೇ ಇತ್ತು. ಜಯಮ್ಮ ಇನ್ನೂ ಸ್ವಲ್ಪ ಹೊತ್ತು ನೋಡಿ ಕತ್ತು ಆಡಿಸಿದರು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು.